ಎಷ್ಟು ಖಚಿತ ಎಂದು ಮೊದಲು ಹೇಳಿ

ಭದ್ರತಾ ಅಧ್ಯಯನದಲ್ಲಿ ಎಂ.ಎ. ಮಾಡಲು ವಾಷಿಂಗ್ಟನ್‌ಗೆ ಬಂದಿಳಿದಿದ್ದೀರಿ. ಇರಾನ್ ಇರಲಿ, ತೈವಾನ್ ಇರಲಿ, ಇಲ್ಲಿ ಎಲ್ಲರ ನಾಲಿಗೆ ತುದಿಯಲ್ಲೂ ಉತ್ತರ ಸಿದ್ಧವಾಗಿರುತ್ತದೆ, ಇಲ್ಲಿನ ಭದ್ರತಾ ವಿಶ್ಲೇಷಕರು ನಿಜವಾಗಿ ಹೇಗೆ ಕೆಲಸ ಮಾಡುತ್ತಾರೆ, ಹೊರದೇಶದ ಪಾಸ್‌ಪೋರ್ಟ್ ಇರುವವರಿಗೆ ಇದರಲ್ಲಿ ಜಾಗವಿದೆಯೇ ಎಂದು ಕೇಳಿದ್ದೀರಿ. ಜಾಗ ಇದೆ. ಎಲ್ಲಿದೆ ಎಂಬುದು ಮಾತ್ರ ಮೊದಲೇ ಗೊತ್ತಿರಬೇಕು.

ರಹಸ್ಯ ಕಡತ ನೋಡಲು ಬೇಕಾದ ಸೆಕ್ಯುರಿಟಿ ಕ್ಲಿಯರೆನ್ಸ್, ಅಪರೂಪದ ವಿನಾಯಿತಿ ಬಿಟ್ಟರೆ, ಅಮೆರಿಕದ ಪ್ರಜೆಗಳಿಗೆ ಮಾತ್ರ. ಪೆಂಟಗನ್ ಮತ್ತು ಅದರ ಗುತ್ತಿಗೆ ಕಂಪನಿಗಳ ಬಹುಪಾಲು ಹುದ್ದೆಗಳ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಆ ಜಾಹೀರಾತುಗಳ ಹಿಂದೆ ಒಂದು ಸೆಮಿಸ್ಟರ್ ಹಾಳು ಮಾಡಬೇಡಿ. ತೆರೆದಿರುವುದು ನೀತಿ ಸಂಶೋಧನೆ ಮಾಡುವ ಥಿಂಕ್ ಟ್ಯಾಂಕ್‌ಗಳು, ವಿಶ್ವವಿದ್ಯಾಲಯಗಳ ಸಂಶೋಧನಾ ಕೇಂದ್ರಗಳು, ಅಂತರರಾಷ್ಟ್ರೀಯ ಸಂಸ್ಥೆಗಳು, ಉದ್ಯಮಗಳಿಗೆ ರಾಜಕೀಯ ಅಪಾಯದ ಅಂದಾಜು ಕೊಡುವ ಕಂಪನಿಗಳು. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಓದು ಮುಗಿದ ಮೇಲೆ 12 ತಿಂಗಳ ಒಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ, ಸಿಗುತ್ತದೆ. ಅದರಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಇನ್ನೂ 24 ತಿಂಗಳು ಬೇಕೆಂದರೆ ನಿಮ್ಮ ಪದವಿಯ ಕೋಡ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರಬೇಕು. ಕಾಲೇಜು ಕೊಟ್ಟ ಐ-20 ಪತ್ರದಲ್ಲಿ ಆ ಕೋಡ್ ಇದೆ, ಇವತ್ತೇ ನೋಡಿ. ಲಾಭರಹಿತ ಸಂಶೋಧನಾ ಸಂಸ್ಥೆ ಎಂದು ಮಾನ್ಯವಾದ ಕಡೆ ಎಚ್-1ಬಿ ಉದ್ಯೋಗ ವೀಸಾಗೆ ವಾರ್ಷಿಕ ಮಿತಿ, ಲಾಟರಿ ಅನ್ವಯಿಸುವುದಿಲ್ಲ. ಎಲ್ಲ ಥಿಂಕ್ ಟ್ಯಾಂಕ್‌ಗಳೂ ಆ ವರ್ಗಕ್ಕೆ ಸೇರುವುದಿಲ್ಲ, ಸೇರಿದವು ಕೂಡ ಎಲ್ಲರಿಗೂ ಅರ್ಜಿ ಹಾಕುವುದಿಲ್ಲ. ನನಗೆ ಅರ್ಜಿ ಹಾಕುತ್ತೀರಾ ಎಂದು ಸಂದರ್ಶನದ ಎರಡನೇ ಸುತ್ತಿನಲ್ಲೇ ಸಂಕೋಚವಿಲ್ಲದೆ ಕೇಳಿಬಿಡಿ. ವೀಸಾ ನಿಯಮ, ಶುಲ್ಕ ಎರಡೂ ಪದೇ ಪದೇ ಬದಲಾಗುತ್ತವೆ, ಹಾಗಾಗಿ ಕೊನೆಯ ಮಾತು ನಿಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯದ್ದೇ ಆಗಿರಲಿ.

ಇನ್ನು ಕೆಲಸದ ವಿಷಯ. ರಹಸ್ಯ ಮಾಹಿತಿ ಇಲ್ಲದೆ ವಿಶ್ಲೇಷಣೆ ಹೇಗೆ ಎಂಬ ಅಳುಕು ಬೇಡ. ಎಲ್ಲರಿಗೂ ಸಿಗುವ ಮೂಲಗಳೇ ಬೇಕಾದಷ್ಟಿವೆ. ಕೊರತೆ ಇರುವುದು ಅವನ್ನು ಶಿಸ್ತಿನಿಂದ ಓದುವವರದ್ದು.

ಮೊದಲ ಹೆಜ್ಜೆ, ಪ್ರಶ್ನೆಯನ್ನು ಸರಿಯಾಗಿ ಕತ್ತರಿಸಿಕೊಳ್ಳುವುದು. ‘ಚೀನಾ ತೈವಾನ್ ಮೇಲೆ ಬೀಳುತ್ತದೆಯೇ’ ಎಂಬುದು ಹರಟೆಗೆ ಸಾಕು, ವರದಿಗೆ ಸಾಲದು. ಬೀಳುವುದೆಂದರೆ ಸೇನೆ ಇಳಿಸುವುದೇ, ಸಮುದ್ರ ದಿಗ್ಬಂಧನವೇ, ಚೀನಾ ಕರಾವಳಿಯ ಪಕ್ಕದಲ್ಲೇ ಇರುವ ತೈವಾನ್ ಹಿಡಿತದ ಕಿನ್‌ಮೆನ್ ದ್ವೀಪ ಹಿಡಿಯುವುದೇ? ಯಾವ ತಾರೀಕಿನೊಳಗೆ? ಆಯಿತು, ಇಲ್ಲ ಎಂದು ತೀರ್ಮಾನಿಸುವುದು ಯಾವ ಮೂಲ ನೋಡಿ? ಈ ಮೂರಕ್ಕೂ ಉತ್ತರವಿಲ್ಲದ ಪ್ರಶ್ನೆಯ ಮೇಲೆ ಎಷ್ಟು ಪುಟ ಬರೆದರೂ ಅದು ಸರಿಯೋ ತಪ್ಪೋ ಎಂದು ಯಾರೂ ಹೇಳಲಾರರು.

ಆಮೇಲೆ ಕೋಷ್ಟಕ. ಸಿಐಎಯಲ್ಲಿದ್ದ ರಿಚರ್ಡ್ಸ್ ಹ್ಯೂಯರ್ ರೂಪಿಸಿದ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮೇಲಿನ ಸಾಲಿನಲ್ಲಿ ಮೂರು ನಾಲ್ಕು ಊಹೆಗಳು, ಎಡಗಡೆ ಕೆಳಮುಖವಾಗಿ ಒಂದೊಂದೇ ಪುರಾವೆ. ಪ್ರತಿ ಮನೆಯಲ್ಲೂ ಆ ಪುರಾವೆ ಆ ಊಹೆಗೆ ಹೊಂದುತ್ತದೆಯೋ, ವಿರುದ್ಧವೋ ಎಂದು ಗುರುತು ಹಾಕುವುದು. ಕೊನೆಗೆ ಎಣಿಸಬೇಕಾದದ್ದು ವಿರುದ್ಧದ ಗುರುತುಗಳನ್ನು. ಎಲ್ಲ ಊಹೆಗಳಿಗೂ ಹೊಂದುವ ಪುರಾವೆ ಎಷ್ಟೇ ದೊಡ್ಡದಾಗಿ ಕಂಡರೂ ಅದಕ್ಕೆ ಬೆಲೆಯಿಲ್ಲ. 2021ರ ಕೊನೆಯಲ್ಲಿ ಉಕ್ರೇನ್ ಗಡಿಯ ಬಳಿ ಒಂದು ಲಕ್ಷದಷ್ಟು ರಷ್ಯನ್ ಸೈನಿಕರು ಸೇರಿದ್ದರು. ಹೆದರಿಸುವುದಕ್ಕೂ ಅದೇ ಬೇಕು, ನುಗ್ಗುವುದಕ್ಕೂ ಅದೇ ಬೇಕು. ಆ ಸಂಖ್ಯೆ ಎರಡನ್ನೂ ಬೇರೆ ಮಾಡುವುದಿಲ್ಲ. 2022ರ ಜನವರಿ ಕೊನೆಯಲ್ಲಿ, ಗಾಯಾಳುಗಳಿಗೆಂದು ರಕ್ತದ ದಾಸ್ತಾನನ್ನೂ ಗಡಿಯತ್ತ ತರಲಾಗಿದೆ ಎಂಬ ಸುದ್ದಿ ಬಂತು. ಕೆಡುವ ವಸ್ತುವನ್ನು ಬರೀ ಪ್ರದರ್ಶನಕ್ಕೆ ಸಾಗಿಸುವುದು ಅಪರೂಪ. ಇಂಥ ಒಂದು ಸಾಲು ಕೋಷ್ಟಕದ ಉಳಿದ ಹತ್ತು ಸಾಲಿಗೆ ಸಮ.

ಆದರೆ ಯುದ್ಧ ಆಗುತ್ತದೆ ಎಂದು ಸರಿಯಾಗಿ ಹೇಳಿದವರಲ್ಲೇ ಅನೇಕರು ಕೀವ್ ಕೆಲವೇ ದಿನಗಳಲ್ಲಿ ಬೀಳುತ್ತದೆ ಎಂದು ಎಡವಿದರು. ಟ್ಯಾಂಕು, ವಿಮಾನ, ಫಿರಂಗಿಗಳು ಎಣಿಕೆಗೆ ಸಿಗುತ್ತವೆ, ಎಣಿಸಿದರು. ಇಂಧನ ಸಾಗಣೆ, ಲಾರಿಗಳ ಸ್ಥಿತಿ, ಕೆಳ ಹಂತದ ಅಧಿಕಾರಿಗಳ ಸ್ವಾತಂತ್ರ್ಯ, ರಕ್ಷಿಸಿಕೊಳ್ಳುವವರ ಹಟ ಇವು ಎಣಿಕೆಗೆ ಸುಲಭವಾಗಿ ಸಿಗುವುದಿಲ್ಲ, ಬಿಟ್ಟರು. ನಿಮ್ಮ ಕೋಷ್ಟಕದಲ್ಲಿ ‘ಅಳೆಯಲಾಗದ್ದು’ ಎಂದೇ ಒಂದು ಭಾಗ ಇರಲಿ, ಅದು ಖಾಲಿ ಬಿದ್ದಿದ್ದರೆ ವರದಿ ಕಳಿಸಬೇಡಿ.

ಅಂಕಿಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಹೊಸಬರು ಹೆಚ್ಚು ಜಾರುವುದು ಇಲ್ಲೇ. ಇರಾನ್ ವಿಷಯವನ್ನೇ ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲೆಕ್ಕದಲ್ಲಿ, ಒಂದು ಬಾಂಬ್ ಸಾಧ್ಯತೆಯನ್ನು ತಳ್ಳಿಹಾಕಲಾಗದ ಪ್ರಮಾಣವೆಂದರೆ, ಹೆಚ್ಚು ಪುಷ್ಟೀಕರಿಸಿದ (ಅಂದರೆ ಬಾಂಬಿಗೆ ಬೇಕಾದ ಯುರೇನಿಯಂ-235ರ ಪಾಲು ಹೆಚ್ಚಿಸಿದ) ಯುರೇನಿಯಂನಲ್ಲಿರುವ 25 ಕೆ.ಜಿ. ಯುರೇನಿಯಂ-235. ಶೇ 60ರಷ್ಟು ಪುಷ್ಟೀಕರಿಸಿದ್ದರಲ್ಲಿ 25 ಕೆ.ಜಿ. ಸಿಗಬೇಕಾದರೆ ಒಟ್ಟು ಸುಮಾರು 42 ಕೆ.ಜಿ. ಬೇಕು. 2025ರ ಜೂನ್ 13ರ ಹೊತ್ತಿಗೆ ಇರಾನ್ ಬಳಿ ಅಂಥದ್ದು 440.9 ಕೆ.ಜಿ. ಇತ್ತೆಂದು ಸಂಸ್ಥೆ ಅಂದಾಜಿಸಿತು. 440.9 ಭಾಗಿಸು 42. ‘ಹತ್ತು ಬಾಂಬ್’ ಎಂಬ ತಲೆಬರಹ ಹುಟ್ಟಿದ್ದು ಹೀಗೆ. ಭಾಗಾಕಾರದಲ್ಲಿ ತಪ್ಪಿಲ್ಲ, ಅರ್ಥದಲ್ಲಿದೆ. ಆ ವಸ್ತುವನ್ನು ಶೇ 90ರ ಹತ್ತಿರಕ್ಕೆ ಏರಿಸಬೇಕು, ಅನಿಲ ರೂಪದಿಂದ ಲೋಹಕ್ಕೆ ತರಬೇಕು, ಸಿಡಿತಲೆ ಕಟ್ಟಬೇಕು, ಅದನ್ನು ಹೊರುವ ಕ್ಷಿಪಣಿಗೆ ಕೂರಿಸಬೇಕು. ಪತ್ರಿಕೆಗಳಲ್ಲಿ ಬರುವ ‘ಬ್ರೇಕ್‌ಔಟ್ ಅವಧಿ’ ಮೊದಲ ಹಂತದ್ದು ಮಾತ್ರ. ಇನ್ನೊಂದು ಬಲೆ ತೂಕದ್ದು. ಸಂಸ್ಥೆ ಕೊಡುವುದು ಯುರೇನಿಯಂನ ತೂಕ. ಸಿಲಿಂಡರಿನಲ್ಲಿರುವ ಯುರೇನಿಯಂ ಹೆಕ್ಸಾಫ್ಲೋರೈಡ್ ಎಂಬ ಸಂಯುಕ್ತದಲ್ಲಿ ಯುರೇನಿಯಂ ಪಾಲು ಸುಮಾರು ಮೂರನೇ ಎರಡು ಭಾಗ. ಒಂದು ವರದಿಯ ಅಂಕಿ ಒಂದು ಬಗೆ, ಇನ್ನೊಂದರದ್ದು ಮತ್ತೊಂದು ಬಗೆ ಇದ್ದು, ಎರಡನ್ನೂ ಹೋಲಿಸಿದರೆ ದಾಸ್ತಾನು ಏಕಾಏಕಿ ಅರ್ಧದಷ್ಟು ಬೆಳೆದಂತೆ ಕಾಣುತ್ತದೆ.

ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ ಕೊಡುವ ಶಸ್ತ್ರಾಸ್ತ್ರ ವರ್ಗಾವಣೆಯ ಅಂಕಿ ಡಾಲರ್ ಮೊತ್ತವಲ್ಲ, ಆಯುಧಗಳ ಸಾಮರ್ಥ್ಯವನ್ನು ಅಳೆಯುವ ಸೂಚ್ಯಂಕ. ಅದನ್ನು ‘ಇಷ್ಟು ಕೋಟಿ ಡಾಲರ್ ಖರೀದಿ’ ಎಂದು ಬರೆದರೆ ನಿಮ್ಮ ವರದಿಯನ್ನು ತಿಳಿದವರು ಅಲ್ಲೇ ಮಡಚಿಡುತ್ತಾರೆ. ಉಪ್ಸಾಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶದಲ್ಲಿ ಒಂದು ವರ್ಷಕ್ಕೆ 25 ಜನ ಕಾದಾಟದಲ್ಲಿ ಸತ್ತರೆ ಅದು ಸಶಸ್ತ್ರ ಸಂಘರ್ಷ, 1,000 ಮುಟ್ಟಿದರೆ ಯುದ್ಧ. ಸಂಘರ್ಷದ ಘಟನೆಗಳನ್ನು ಪಟ್ಟಿ ಮಾಡುವ ಇನ್ನೊಂದು ಸಂಸ್ಥೆ ಆಕ್ಲೆಡ್ ಪ್ರತಿಭಟನೆಗಳನ್ನೂ ದಾಖಲಿಸುತ್ತದೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಬೆರೆಸಬೇಡಿ. ಉಪಗ್ರಹ ಚಿತ್ರಕ್ಕೆ ಐರೋಪ್ಯ ಒಕ್ಕೂಟದ ಸೆಂಟಿನೆಲ್-2 ಉಚಿತ, ಸುಮಾರು 5 ದಿನಕ್ಕೊಮ್ಮೆ ಹೊಸ ಚಿತ್ರ. ಅದರ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್. ಹೊಸ ರನ್‌ವೇ, ಅಗೆದ ನೆಲ, ದೊಡ್ಡ ಹಡಗು ಕಾಣುತ್ತವೆ. ಅದರಲ್ಲಿ ಟ್ಯಾಂಕ್ ಗುರುತಿಸಿದೆನೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಷ್ಟೆಲ್ಲ ಆದ ಮೇಲೆ ಬರವಣಿಗೆ. ನನ್ನ ಮಟ್ಟಿಗೆ ಈ ವೃತ್ತಿಯ ಪ್ರಾಮಾಣಿಕತೆ ನಿಂತಿರುವುದು ಇಲ್ಲಿ. 1951ರಲ್ಲಿ ಯುಗೊಸ್ಲಾವಿಯಾದ ಮೇಲೆ ಸೋವಿಯತ್ ಬಣ ದಾಳಿ ಮಾಡುವ ‘ಗಂಭೀರ ಸಾಧ್ಯತೆ’ ಇದೆ ಎಂದು ಅಮೆರಿಕದ ಗುಪ್ತಚರ ಅಂದಾಜೊಂದು ಹೇಳಿತು. ಅದರ ಹೊಣೆ ಹೊತ್ತಿದ್ದವರಲ್ಲಿ ಒಬ್ಬರಾದ ಶೆರ್ಮನ್ ಕೆಂಟ್ ಆಮೇಲೆ ಸಹೋದ್ಯೋಗಿಗಳನ್ನು ವಿಚಾರಿಸಿದರೆ, ಒಪ್ಪಿ ಸಹಿ ಹಾಕಿದವರ ಮನಸ್ಸಿನಲ್ಲೇ ಅದು ಶೇ 20ರಿಂದ ಶೇ 80ರವರೆಗೆ ಹರಡಿತ್ತು. ಈಗ ಅಮೆರಿಕದ ಗುಪ್ತಚರ ಸಂಸ್ಥೆಗಳಿಗೆ ಲಿಖಿತ ನಿಯಮವೇ ಇದೆ: ‘ಸಂಭವ’ ಎಂದರೆ ಶೇ 55ರಿಂದ 80, ‘ಬಹಳ ಸಂಭವ’ ಎಂದರೆ 80ರಿಂದ 95, ‘ಅಸಂಭವ’ ಎಂದರೆ 20ರಿಂದ 45. ಆಗುವ ಸಾಧ್ಯತೆ ಬೇರೆ, ಆ ಅಂದಾಜಿನ ಮೇಲೆ ನಿಮಗಿರುವ ಭರವಸೆ ಬೇರೆ. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಬಾರದು. ಒಂದು ವಾಕ್ಯದಲ್ಲಿ ‘ಮುಂದಿನ 6 ತಿಂಗಳಲ್ಲಿ ಕದನವಿರಾಮ ಅಸಂಭವ’ ಎನ್ನಿ. ಮುಂದಿನದರಲ್ಲಿ ‘ನಮ್ಮ ಭರವಸೆ ಮಧ್ಯಮ, ಯಾಕೆಂದರೆ ಒಂದೇ ಕಡೆಯ ಹೇಳಿಕೆಗಳು ಸಿಕ್ಕಿವೆ’ ಎನ್ನಿ. ಮೂರನೆಯದರಲ್ಲಿ, ಏನು ಕಂಡರೆ ಮನಸ್ಸು ಬದಲಿಸುತ್ತೀರಿ ಎಂದು ಬರೆಯಿರಿ. ನಿಮ್ಮ ಅಂದಾಜುಗಳಿಗೆ ಒಂದು ಖಾತೆ ಇಡಿ. ಅಂದಾಜಿಗೂ ನಡೆದದ್ದಕ್ಕೂ ಇರುವ ಅಂತರದ ವರ್ಗವೇ ಬ್ರಯರ್ ಅಂಕ, ಕಡಿಮೆಯಾದಷ್ಟೂ ಒಳ್ಳೆಯದು. ಶೇ 70 ಎಂದದ್ದು ನಡೆದರೆ ಅದು 0.09, ನಡೆಯದಿದ್ದರೆ 0.49. ಎಲ್ಲದಕ್ಕೂ ಶೇ 50 ಎನ್ನುತ್ತ ಕೂತವರಿಗೆ 0.25. ವರ್ಷದ ಸರಾಸರಿ ಅದಕ್ಕಿಂತ ಕೆಳಗಿಳಿಯದಿದ್ದರೆ ನಿಮ್ಮ ಓದು ಇನ್ನೂ ಅಂದಾಜಿಗೆ ಬರುತ್ತಿಲ್ಲ ಎಂದರ್ಥ.

ಸಭೆಗಳಿಗೆ ಹೋಗಿ, ಬಹಳಷ್ಟು ಉಚಿತ. ‘ಚಾಥಮ್ ಹೌಸ್ ನಿಯಮ’ ಎಂದು ಘೋಷಿಸಿದ ಕಡೆ ಕೇಳಿದ ವಿಷಯವನ್ನು ಬಳಸಬಹುದು, ಹೇಳಿದ್ದು ಯಾರು, ಯಾವ ಸಂಸ್ಥೆಯವರು, ಇನ್ಯಾರು ಇದ್ದರು ಎಂದು ಬಿಟ್ಟುಕೊಡುವಂತಿಲ್ಲ. ಮೇಜಿನ ಫೋಟೊ ಹಾಕಿದರೂ ನಿಯಮ ಮುರಿದಂತೆ. ಯಾವ ವರದಿ ಉಲ್ಲೇಖಿಸುವ ಮೊದಲೂ ಆ ಸಂಸ್ಥೆಯ ದಾನಿಗಳ ಪಟ್ಟಿ ನೋಡಿ. ಸರ್ಕಾರಗಳ ಹಣವೂ ಆಯುಧ ತಯಾರಕರ ಹಣವೂ ಈ ಊರಿನಲ್ಲಿ ಹರಿಯುತ್ತದೆ.

ಒಂದು ಅಪಾಯವನ್ನು ಮಾತ್ರ ಒತ್ತಿ ಹೇಳುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ಹೆಸರು ಕೇಳದ ಕನ್ಸಲ್ಟಿಂಗ್ ಸಂಸ್ಥೆಯೊಂದು ‘ನಾಲ್ಕು ಪುಟದ ವರದಿ ಬರೆದುಕೊಡಿ, ಒಳ್ಳೆಯ ದುಡ್ಡು’ ಎಂದರೆ, ಓದುಗ ಯಾರು ಎಂದು ಗೊತ್ತಾಗುವ ತನಕ ಒಂದು ಸಾಲೂ ಬರೆಯಬೇಡಿ. ಹೀಗೆಯೇ ನಕಲಿ ಕನ್ಸಲ್ಟಿಂಗ್ ಕಂಪನಿ ತೆರೆದು ಅಮೆರಿಕನ್ನರಿಂದ ವರದಿ ಬರೆಸಿ ಚೀನಾದ ಗುಪ್ತಚರರಿಗೆ ಕೊಟ್ಟ ಸಿಂಗಪುರದ ಪ್ರಜೆಯೊಬ್ಬ 2020ರಲ್ಲಿ ಇಲ್ಲಿನ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಎಫ್-1ನಲ್ಲಿ ಅನುಮತಿಯಿಲ್ಲದೆ ಕ್ಯಾಂಪಸ್ ಹೊರಗೆ ದುಡಿದರೆ ವೀಸಾ ಸ್ಥಾನಮಾನವೂ ಹೋಗುತ್ತದೆ. ಸಂಬಳವಿಲ್ಲದ ಇಂಟರ್ನ್‌ಶಿಪ್ ಆದರೂ ಸೇರುವ ಮುನ್ನ ವಿದ್ಯಾರ್ಥಿ ಕಚೇರಿಯಿಂದ ಲಿಖಿತ ಉತ್ತರ ತೆಗೆದಿಟ್ಟುಕೊಳ್ಳಿ.