ಅಪಘಾತದ ನಂತರ ಜಿಸಿಎಸ್ 6 ಇದ್ದರೆ ಬದುಕುವ ಸಾಧ್ಯತೆ ಶೇಕಡಾ ಎಷ್ಟು?

ನಿಮ್ಮ ತಂದೆಯವರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಹುಬ್ಬಳ್ಳಿಯ ಐಸಿಯುನಲ್ಲಿದ್ದಾರೆ, ವೈದ್ಯರು ಜಿಸಿಎಸ್ (ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಮಾಪಕ) 6 ಎಂದಿದ್ದಾರೆ, ನಿಮಗೆ ಶೇಕಡಾವಾರು ಲೆಕ್ಕ ಬೇಕಾಗಿದೆ. ನಮ್ಮ ಕಾಕಾನ ಹಾಸಿಗೆಯ ಪಕ್ಕ ನಿಂತು ನಾನೂ ಇದನ್ನೇ ಕೇಳಿದ್ದೆ. ಅವರಿಗಿದ್ದದ್ದು 3.

ಶಿರಹಟ್ಟಿ ಕಡೆಯ ಹೊಲದ ಮನೆಯಲ್ಲಿ ನೆಲದ ಮೇಲೆ ಮಲಗಿದ್ದ ಕಾಕಾ ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದರು. ಬೆಳಕು ಹರಿಯುವುದರೊಳಗೆ ರೆಪ್ಪೆಗಳು ಜೋತುಬಿದ್ದು ಮಾತು ತೊದಲಿತು, ಗದಗ ಮುಟ್ಟುವಷ್ಟರಲ್ಲಿ ಉಸಿರೇ ಕ್ಷೀಣಿಸಿತ್ತು. ಮೈಮೇಲೆ ಬಾವು, ಗಾಯ ಏನೂ ಕಾಣದ್ದರಿಂದ ಹಾವೆಂದು ಯಾರಿಗೂ ಹೊಳೆಯಲಿಲ್ಲ. ವೆಂಟಿಲೇಟರ್‌ಗೆ ಹಾಕಿದ ಮೇಲೆ ಜಿಸಿಎಸ್ 3 ಎಂದರು. 15ಕ್ಕೆ 3 ಎಂದರೆ ಪರೀಕ್ಷೆಯಲ್ಲಿ ನಪಾಸಾದಂತೆ ಎಂದು ನಾನು ಓದಿಕೊಂಡೆ. ಆ ಮಾಪಕದಲ್ಲಿ ಸೊನ್ನೆಯೇ ಇಲ್ಲ, 3 ಅದರ ತಳ ಎಂಬುದು ಕೂಡ ನನಗೆ ತಿಳಿದಿರಲಿಲ್ಲ.

ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಆ ಅಂಕಿ ಏಕೆ ಅಷ್ಟಾಗಿದೆ ಎಂದು ಕೇಳುವ ಬದಲು, ಹಾಸಿಗೆಗೆ ಆತುಕೊಂಡೇ ನಿಂತು, ಊರಿಗೆ ಒಯ್ಯುವುದು ಯಾವಾಗ, ಮಣ್ಣು ಎಲ್ಲಿ ಮಾಡುವುದು ಎಂದು ತಮ್ಮಂದಿರೊಡನೆ ಮಾತಿಗಿಳಿದೆ. ಕಚ್ಚಿದ್ದು ಕಟ್ಟುಹಾವು ಇರಬೇಕೆಂದು ಇನ್ನೊಬ್ಬ ವೈದ್ಯರು ಊಹಿಸಿ ವಿಷನಿರೋಧಕ ಕೊಡಿಸಿದರು. ಅದರ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಕಣ್ಣು ತೆರೆಯಲು, ಕೈ ಎತ್ತಲು ಆಗದಿದ್ದರೂ ಒಳಗೆ ಎಚ್ಚರ ಇರಬಲ್ಲದು. ಕೊಳವೆ ತೆಗೆದ ಮೇಲೆ ಕಾಕಾ ಆಡಿದ ಮೊದಲ ಮಾತು: "ಬಾವಿ ಹೊಲದಾಗ ಯಾಕ? ಹುಣಸಿ ಗಿಡದ ಕೆಳಗ ಅಂತ ಹೇಳಿದ್ನೆಲ್ಲ." ಉಳಿದವರು ನಕ್ಕರು. ನನ್ನೊಡನೆ ಅವರ ಮಾತು ಇಂದಿಗೂ ಅಷ್ಟಕ್ಕಷ್ಟೇ.

ನಿಮ್ಮದು ತಲೆಪೆಟ್ಟು, ಆದ್ದರಿಂದ ನಮ್ಮ ಕಥೆಯನ್ನು ನೆಚ್ಚಿಕೊಂಡು ಕೂರಬೇಡಿ. ತಲೆಪೆಟ್ಟಿನಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ಎಂದರೆ ತೀವ್ರ ಎಂದೇ ಅರ್ಥ. ಆದರೂ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುವುದು ನನ್ನ ಅಭಿಪ್ರಾಯ. 1974ರಲ್ಲಿ ಗ್ಲಾಸ್ಗೋದ ನರಶಸ್ತ್ರಚಿಕಿತ್ಸಕರಾದ ಟೀಸ್‌ಡೇಲ್ ಮತ್ತು ಜೆನೆಟ್ ಈ ಮಾಪಕವನ್ನು ರೂಪಿಸಿದ್ದು ಪ್ರಜ್ಞೆಯ ಏರಿಳಿತವನ್ನು ಎಲ್ಲರೂ ಒಂದೇ ರೀತಿ ಗುರುತು ಹಾಕಿಕೊಳ್ಳಲೆಂದು. ಕಣ್ಣು ತೆರೆಯುವುದಕ್ಕೆ ಹೆಚ್ಚೆಂದರೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6. ಕಣ್ಣು 1, ಮಾತು 1, ಚಲನೆ 4 ಕೂಡಿದರೂ 6. ಮೂರರಲ್ಲೂ 2 ಬಂದರೂ 6. ಮೊದಲಿನವರು ಚಿವುಟಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಎರಡನೆಯವರ ಕೈ ಸೆಟೆದು ಚಾಚಿಕೊಳ್ಳುತ್ತದೆ. ಇಬ್ಬರ ಸ್ಥಿತಿ ಒಂದೇ ಅಲ್ಲ. ಗಂಟಲಲ್ಲಿ ಕೊಳವೆಯಿದ್ದರೆ ಮಾತನ್ನು ಅಳೆಯಲು ಬರುವುದೇ ಇಲ್ಲ. ನಿದ್ರೆಯ ಔಷಧಿ, ಕುಡಿದ ಮದ್ಯ, ಕುಸಿದ ರಕ್ತದೊತ್ತಡ, ಇಳಿದ ಸಕ್ಕರೆ ಇವೆಲ್ಲ ಅಂಕಿಯನ್ನು ಕೆಳಗೆ ಜಗ್ಗುತ್ತವೆ.

ವಯಸ್ಸು, ಚಲನೆಯ ಅಂಕ, ಕಣ್ಣಪಾಪೆ, ಸಿಟಿ ಸ್ಕ್ಯಾನ್ ಎಲ್ಲ ಸೇರಿಸಿ ಲೆಕ್ಕ ಹಾಕುವ ಪದ್ಧತಿಗಳಿವೆ, ಆದರೆ ಅವು ಹೇಳುವುದು ಅಂಥ ನೂರಾರು ರೋಗಿಗಳ ಸರಾಸರಿ. ನಾಳೆ ವೈದ್ಯರು ಸಿಕ್ಕಾಗ ಮೂರೂ ಅಂಕಗಳನ್ನು ಬಿಡಿಬಿಡಿಯಾಗಿ ಕೇಳಿರಿ. ಅಳೆದದ್ದು ನಿದ್ರೆಯ ಔಷಧಿಗೆ ಮೊದಲೋ ನಂತರವೋ, ಬೆಳಕು ಬಿಟ್ಟಾಗ ಎರಡೂ ಪಾಪೆಗಳು ಕುಗ್ಗುತ್ತವೆಯೋ, ಚಲನೆಯ ಅಂಕ ನಿನ್ನೆಗಿಂತ ಏರಿದೆಯೋ ಇಳಿದಿದೆಯೋ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿರಿ.