ಪ್ರತಿ: ಹತ್ತು ವರ್ಷದ ಮಗನಿಗೆ ಯಾವ ಅಳತೆಯ ಬಿಎಂಎಕ್ಸ್?

ಮಗನ ಎತ್ತರ ನಾಲ್ಕೂವರೆ ಅಡಿ, ಹೇಗೂ ಬೆಳೆಯುತ್ತಾನೆ, ಈಗಲೇ ದೊಡ್ಡ ಬಿಎಂಎಕ್ಸ್ (ಕಸರತ್ತಿಗೆ, ರೇಸಿಗೆ ಬಳಸುವ ಗಟ್ಟಿಮುಟ್ಟಾದ ಚಿಕ್ಕ ಸೈಕಲ್) ಕೊಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಶಾಲೆಯ ಸಮವಸ್ತ್ರದಂತೆ ಎರಡು ಅಳತೆ ಹೆಚ್ಚಿಗೆ ಕೊಳ್ಳುವ ವಸ್ತುವಲ್ಲ ಇದು.

ಫ್ರೀಸ್ಟೈಲ್‌ನಲ್ಲಿ (ಕಸರತ್ತಿನ ಸವಾರಿಯಲ್ಲಿ) ಸಾಮಾನ್ಯವಾಗಿ ದೊಡ್ಡವರ ಸೈಕಲ್ಲಿಗೂ ಚಕ್ರ 20 ಇಂಚಿನದೇ. ಆದ್ದರಿಂದ ಚಕ್ರ ನೋಡಿ ಮೋಸಹೋಗದೆ ಟಾಪ್ ಟ್ಯೂಬ್, ಅಂದರೆ ಸೀಟಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆಯ ಉದ್ದ ಕೇಳಿ. ನಿಮ್ಮ ಹುಡುಗನಿಗೆ 18.5ರಿಂದ 19 ಇಂಚು ಸರಿಹೋಗುತ್ತದೆ. 20.5 ಇಂಚಿನದು ವಯಸ್ಕರ ಅಳತೆ. ಮುಂದಿನ ಚಕ್ರ ಎತ್ತುವುದಕ್ಕೇ ಅವನು ಒದ್ದಾಡುತ್ತಾನೆ. ಸೀಟು ತೀರ ತಗ್ಗಿನಲ್ಲಿದೆ ಎಂದು ಗಾಬರಿಯಾಗಬೇಡಿ, ಹೆಚ್ಚಾಗಿ ನಿಂತೇ ಓಡಿಸುವ ಸೈಕಲ್ ಅದು.

ಹಣ ಇದ್ದರೆ ಕ್ರೋಮೊಲಿ ಎಂಬ ಗಟ್ಟಿ ಮಿಶ್ರ ಉಕ್ಕಿನ ಫ್ರೇಮ್, ಮೂರು ತುಂಡಿನ ಕ್ರ್ಯಾಂಕ್ (ಪೆಡಲ್ ಕೂಡಿಸುವ ತೋಳು), ಧೂಳು ಹೋಗದಂತೆ ಮುಚ್ಚಿದ ಸೀಲ್ಡ್ ಬೇರಿಂಗ್ ಇರುವುದನ್ನು ಆರಿಸಿ. ಬಣ್ಣ ಅವನ ಇಷ್ಟ. ಗೇರ್, ಸಸ್ಪೆನ್ಷನ್ ಇರುವುದನ್ನು ಅಂಗಡಿಯವರು ಬಿಎಂಎಕ್ಸ್ ಎಂದು ತೋರಿಸಿದರೆ ನಕ್ಕು ಹೊರಬನ್ನಿ. ಪರಿಣತರು ಬ್ರೇಕ್ ಕಳಚಿ ಓಡಿಸುವ ವಿಡಿಯೊಗಳನ್ನು ಮಗ ತೋರಿಸಿಯೇ ತೋರಿಸುತ್ತಾನೆ. ಹಿಂದಿನ ಬ್ರೇಕ್ ಮಾತ್ರ ಬಿಟ್ಟುಕೊಡಬೇಡಿ. ಪೆಗ್‌ಗಳನ್ನು (ಕಸರತ್ತಿಗಾಗಿ ಚಕ್ರದ ಅಚ್ಚಿಗೆ ಸೇರಿಸುವ ಗೂಟಗಳು) ಆಮೇಲೆ ಹಾಕಿಸಬಹುದು, ಹೆಲ್ಮೆಟನ್ನು ಅದೇ ದಿನ ಕೊಳ್ಳಿ.