ಕೆಂಪು ಕೋಟಿನವರನ್ನಷ್ಟೇ ನೋಡಿ ಬರಬೇಡಿ

ಇಂಗ್ಲೆಂಡಿನ ಹಳ್ಳಿಯಲ್ಲಿ ಈಗಷ್ಟೇ ಮನೆ ಮಾಡಿದ್ದೀರಿ. ಬಾಕ್ಸಿಂಗ್ ಡೇ (ಕ್ರಿಸ್‌ಮಸ್ ಮರುದಿನ) ದಿನ ಬೇಟೆಯ ಮೆರವಣಿಗೆ ನೋಡಲು ಪಕ್ಕದ ಮನೆಯವರು ಕರೆದಿದ್ದಾರೆ. ಅವರು ಇಟ್ಟಿಗೆ ಕೆಲಸದವರು, ಮನೆ ತುಂಬ ಟೆರಿಯರ್ ನಾಯಿಗಳು. 'ನರಿ ಬೇಟೆ ಶ್ರೀಮಂತರದ್ದಲ್ವಾ, ಇವರಿಗೇನು ಅಲ್ಲಿ ಕೆಲಸ?' ಅಂತ ಕೇಳಿದ್ದೀರಿ.

ಕೆಲಸವೆಲ್ಲ ಇವರದ್ದೇ! ಕೆಂಪು ಕೋಟಿನವರು ಪಬ್ ಮುಂದೆ ಕುದುರೆ ಮೇಲೆ ಕೂತು ಪೋರ್ಟ್ ವೈನ್ ಹೀರುತ್ತಿರುತ್ತಾರೆ. ಕ್ವಾಡ್ ಬೈಕಿನಲ್ಲಿ ಸಲಿಕೆ, ನಾಯಿ ಪೆಟ್ಟಿಗೆ ಇಟ್ಟುಕೊಂಡು ಬರುವವರನ್ನು ನೋಡಿ. ಅವರೇ ಟೆರಿಯರ್‌ಮೆನ್. ಹಿಂದೆಲ್ಲ ನರಿ ಬಿಲ ಹೊಕ್ಕರೆ ದೊಡ್ಡ ಬೇಟೆನಾಯಿಗಳು ಹೊರಗೇ ನಿಲ್ಲುತ್ತಿದ್ದವು. ಪುಟ್ಟ ಟೆರಿಯರ್ ಒಳಗೆ ನುಗ್ಗಿ, ನರಿಯನ್ನು ತಡೆದು ಬೊಗಳುತ್ತಿತ್ತು. ಇವರು ನೆಲಕ್ಕೆ ಕಿವಿ ಕೊಟ್ಟು ಅಗೆಯುತ್ತಿದ್ದರು. ಅಷ್ಟರಲ್ಲಿ ಕುದುರೆಯವರು ಮುಂದಿನ ಪೊದೆಗೆ ಹೊರಟಿರುತ್ತಿದ್ದರು. ಮೂತಿ ತುಂಬ ಗಾಯದ ಗೆರೆಗಳಿರುವ ಮುದಿ ಟೆರಿಯರ್ ಸಿಕ್ಕರೆ ಗಮನಿಸಿ, ಬಿಲದೊಳಗೆ ಏನಾಗುತ್ತಿತ್ತು ಅಂತ ಗೊತ್ತಾಗುತ್ತದೆ.

ಜಾಕ್ ರಸೆಲ್ ಎಂಬ ಟೆರಿಯರ್ ತಳಿಯ ಕತೆ ಕೇಳಿ. 1819ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಜಾನ್ ರಸೆಲ್, ಒಬ್ಬ ಹಾಲಿನವನಿಂದ ಟ್ರಂಪ್ ಎಂಬ ಹೆಣ್ಣುನಾಯಿ ಕೊಂಡರಂತೆ. ಮುಂದೆ ಪಾದ್ರಿಯಾದ ರಸೆಲ್ ಹೆಸರು ತಳಿಗೆ ಬಂತು. ಹಾಲಿನವನ ಹೆಸರು ಯಾರಿಗೆ ಬೇಕು?

ಹಾಗಂತ ಎಲ್ಲ ಕಡೆ ಕುದುರೆ ಇರುತ್ತದೆ ಅಂದುಕೊಳ್ಳಬೇಡಿ. ಉತ್ತರ ಇಂಗ್ಲೆಂಡಿನ ಕಂಬ್ರಿಯಾದ ಬೆಟ್ಟಗಳಲ್ಲಿ ಕುರಿ ಸಾಕುವವರು ನಡೆದೇ ಬೇಟೆಯಾಡುತ್ತಿದ್ದರು. ಬೆಡ್ಲಿಂಗ್ಟನ್ ಟೆರಿಯರ್ ಅಂದರೆ ಗಣಿ ಕೆಲಸದವರ ನಾಯಿ.

2005ರ ಫೆಬ್ರವರಿಯಿಂದ ನಾಯಿಬಿಟ್ಟು ನರಿ ಅಟ್ಟುವುದು ಇಂಗ್ಲೆಂಡ್, ವೇಲ್ಸ್‌ನಲ್ಲಿ ನಿಷೇಧ. ಈಗ ಮೊದಲೇ ಎಳೆದಿಟ್ಟ ವಾಸನೆಯ ಜಾಡು ಹಿಡಿದು ಹೋಗುತ್ತೇವೆ ಅನ್ನುತ್ತಾರೆ ಬೇಟೆಯವರು. ಹಾಗಾದರೆ ಸಲಿಕೆ ಯಾಕೆ ಅಂತ ವಿರೋಧಿಗಳು ಕೇಳುತ್ತಾರೆ. ನನಗೂ ಅದೇ ಅನುಮಾನ. ಒಂದು ವಿನಾಯಿತಿ ಇದೆ: ಶೂಟಿಂಗಿಗೆಂದು (ಬಂದೂಕಿನ ಬೇಟೆಗೆಂದು) ಸಾಕಿದ ಹಕ್ಕಿಗಳನ್ನು ಕಾಯಲು, ಜಮೀನಿನವರ ಲಿಖಿತ ಒಪ್ಪಿಗೆ ಇದ್ದರೆ, ಬಿಲಕ್ಕೆ ಒಂದು ಟೆರಿಯರ್ ಬಿಡಬಹುದು. ಆ ಶೂಟಿಂಗ್ ಯಾರ ಮೋಜು, ನೀವೇ ಊಹಿಸಿ.

ಮೆರವಣಿಗೆಗೆ ಧಾರಾಳವಾಗಿ ಹೋಗಿ. ಪಬ್ಬಿನಲ್ಲಿ ಪರ-ವಿರೋಧ ಮಾತು ಎತ್ತಬೇಡಿ, ಸುಮ್ನೆ ಜಗಳ. ಆದರೆ 'ಭಾನುವಾರ ಅಗೆಯೋಕೆ ಬರ್ತೀಯಾ' ಅಂದರೆ ನಯವಾಗಿ ಜಾರಿಕೊಳ್ಳಿ. ಅದು ಬ್ಯಾಜರ್ (ಬಿಲದಲ್ಲಿ ವಾಸಿಸುವ ಕಾಡುಪ್ರಾಣಿ) ಬಿಲವಾಗಿದ್ದರೆ, ಅವುಗಳ ರಕ್ಷಣೆಯ 1992ರ ಕಾಯ್ದೆಯಡಿ ಜೈಲೂ ಆಗಬಹುದು. ವೀಸಾ ಮೇಲಿರುವವರಿಗೆ ಅದೆಲ್ಲ ಬೇಡವೇ ಬೇಡ.